ತೊಗಲುಗೊಂಬೆಯವರೂ ನಮ್ಮ ಕಲಾಮಂದಿರಗಳೂ

ಒಂದು ಜನಾಂಗದ ಕಲೆಯನ್ನು ಮೆಚ್ಚುವುದು ಬೇರೆ. ಆ ಜನರನ್ನು ಸಮಾನರೆಂದು ಕಾಣುವುದು ಬೇರೆ. ಈ ಅಂತರವನ್ನು ಕಳೆಯುವಲ್ಲಿ ಕಲಾಮಂದಿರಗಳ ಕರ್ತವ್ಯವೇನೆಂಬುದು ಇಂದು ಹಲವು ದೇಶಗಳಲ್ಲಿ ಚರ್ಚೆಗೆ ಬಂದಿರುವ ವಿಷಯ. ಮೂಲನಿವಾಸಿಗಳ ಸಂಸ್ಕೃತಿಯ ಮೇಲಣ ಹಕ್ಕು ಅವರದೇ ಎಂದೂ, ಒಪ್ಪಿಗೆಯಿಲ್ಲದೆ ಒಯ್ದುದಕ್ಕೆ ಪರಿಹಾರ ಸಲ್ಲತಕ್ಕುದೆಂದೂ ವಿಶ್ವಸಂಸ್ಥೆಯ 2007ರ ಘೋಷಣೆಯು ಸಾರಿದೆ. ಈ ತತ್ತ್ವವನ್ನು ಕೊಪ್ಪಳ ಸೀಮೆಯ ನಿದರ್ಶನವೊಂದರಿಂದ ಪರಿಶೀಲಿಸಬಹುದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳನ್ನೊಳಗೊಂಡು 1997ರಲ್ಲಿ ರಚಿತವಾದ ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮವು ತೊಗಲುಗೊಂಬೆಯಾಟಕ್ಕೆ ಹೆಸರಾದುದು. ಇದನ್ನು ಆಡಿಸುವ ಶಿಳ್ಳೇಕ್ಯಾತರು ಸರ್ಕಾರದ ಪಟ್ಟಿಯಂತೆ ಪರಿಶಿಷ್ಟ ಜಾತಿಯವರು. ಆದಿವಾಸಿಗಳೆಂಬ ಹೆಸರು ಅವರಿಗೆ ನೇರವಾಗಿ ಸಲ್ಲದು. ಆದರೆ ಅಲೆಮಾರಿಗಳಾಗಿ ಸಮಾಜದ ಅಂಚಿನಲ್ಲಿ ಬಾಳಿದ ಇವರ ಪ್ರಶ್ನೆಯೂ ಅದೇ ಬಗೆಯದು. ಇವರ ಮನೆಮಾತು ಮರಾಠಿಯ ಒಂದು ಉಪಭಾಷೆ. ಪರದೆಯ ಹಿಂದಿನ ಮಾತು ಕನ್ನಡ. ಮಳೆ ತಪ್ಪಿದಾಗ, ದನಕರುಗಳಿಗೆ ರೋಗ ತಗುಲಿದಾಗ ಗ್ರಾಮಸ್ಥರು ಇವರ ಆಟವನ್ನು ಆಡಿಸುತ್ತಿದ್ದರು. ಆಟಕ್ಕೆ ಊರೊಳಗೆ ಮನ್ನಣೆಯಿತ್ತು. ಆಡಿಸಿದವರಿಗೆ ಊರೊಳಗೆ ನೆಲೆಯಿರಲಿಲ್ಲ. 2025ರಲ್ಲಿ ಮೋರನಾಳದ ವೃದ್ಧ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ವ್ಯಕ್ತಿಗೆ ದೊರೆತ ಈ ಗೌರವವು ಸಮುದಾಯಕ್ಕೂ ಮುಟ್ಟಬೇಕಾದರೆ ಕಲಾಮಂದಿರಗಳು ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಪ್ರದರ್ಶನದ ಕ್ರಮ. ಹದಮಾಡಿ ಬಣ್ಣ ಹಚ್ಚಿದ ತೊಗಲು ಹಿಂದಿನ ಬೆಳಕಿನಿಂದ ಜೀವ ತಳೆಯುತ್ತದೆ. ಗಣಪತಿಯ ಸ್ತುತಿ, ಕಿಳ್ಳೇಕ್ಯಾತ-ಬಂಗಾರಕ್ಕರ ಹಾಸ್ಯ, ಬಳಿಕ ಕಥೆ, ಹೀಗೆ ಆಟವು ಇರುಳೆಲ್ಲ ಸಾಗುವಂಥದು. ಭಾಷಣಗಳ ನಡುವೆ ಇಪ್ಪತ್ತು ನಿಮಿಷ ಕೊಟ್ಟರೆ ಅದು ಸಭೆಯ ಅಲಂಕಾರವಾದೀತೇ ಹೊರತು ಆಟವಾಗದು.

ಎರಡನೆಯದು, ಗೊಂಬೆಗಳ ಸಂಗ್ರಹ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಶ್ರಮದಿಂದ ಕೂಡಿಬಂದ ತೊಗಲುಗೊಂಬೆಗಳಿವೆ. ಇಂಥ ಸಂಗ್ರಹಗಳಿಂದ ಹಳೆಯ ಮಾದರಿಗಳು ಉಳಿದಿವೆ. ಆದರೆ ಸವೆದ ಗೊಂಬೆಯನ್ನು ಪೂಜಿಸಿ ನೀರಿಗೆ ಬಿಡುವ ಸಂಪ್ರದಾಯದವರಿಗೆ ಅದು ಬರಿಯ ವಸ್ತುವಲ್ಲ. ಆದುದರಿಂದ ಪ್ರತಿಯೊಂದು ಗೊಂಬೆಯ ಬಳಿ, ತಿಳಿದಷ್ಟು ಮಟ್ಟಿಗೆ, ಮನೆತನದ ಮತ್ತು ಊರಿನ ಹೆಸರನ್ನು ಬರೆಯುವುದೂ, ಹೊಸ ಗೊಂಬೆ ಕೊರೆಯಲು ಬಯಸುವ ತರುಣರಿಗೆ ಹಳೆಯ ಮಾದರಿಗಳನ್ನು ತೆರೆದಿಡುವುದೂ ಅವಶ್ಯ.

ಮೂರನೆಯದು, ಅಧಿಕಾರ. ಯಾವ ಪ್ರಸಂಗ, ಎಷ್ಟು ಹೊತ್ತು, ಎಷ್ಟು ಸಂಭಾವನೆ ಎಂಬುದನ್ನು ನಿರ್ಣಯಿಸುವ ಸಮಿತಿಯಲ್ಲಿ ಶಿಳ್ಳೇಕ್ಯಾತರೂ ಸದಸ್ಯರಾಗಿರಬೇಕು. ನಮ್ಮ ಕಾಲೇಜುಗಳು ಅವರನ್ನು ವಾರ್ಷಿಕೋತ್ಸವದ ಮನರಂಜನೆಗೆ ಮಾತ್ರ ಕರೆಯದೆ, ಗೌರವಧನವಿತ್ತು ಪಾಠ ಹೇಳುವ ಗುರುಗಳನ್ನಾಗಿ ಆಹ್ವಾನಿಸುವುದು ಉಚಿತ. ಈ ಮೂರೂ ನಡೆದಲ್ಲಿ ಮಾತ್ರ ಕಲಾಮಂದಿರವು ಸೌಹಾರ್ದದ ಸ್ಥಾನವೆನಿಸಲು ಅರ್ಹವಾಗುತ್ತದೆ.