ಯಾರ ದಿನಚರಿ, ಯಾರ ದೇವರು: ಕನ್ನಡ ಕವನ ಸಂಕಲನ ನಡೆದು ಬಂದ ದಾರಿ

ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 2012ರಿಂದ ಸತತ ಮೂರು ವರ್ಷ ಕನ್ನಡದ ಕವನ ಸಂಕಲನಗಳಿಗೇ ಬಂತು. ಮೊದಲು ಆರಿಫ್ ರಾಜಾ ಅವರ ‘ಜಂಗಮ ಫಕೀರನ ಜೋಳಿಗೆ’, ಮರುವರ್ಷ ಲಕ್ಕೂರು ಆನಂದ ಅವರ ‘ಬಟವಾಡೆಯಾಗದ ರಸೀತಿ’, 2014ರಲ್ಲಿ ಕಾವ್ಯಾ ಕಡಮೆ ಅವರ ‘ಧ್ಯಾನಕೆ ತಾರೀಖಿನ ಹಂಗಿಲ್ಲ’. ಜೋಳಿಗೆ, ರಸೀತಿ, ತಾರೀಖು ಎಲ್ಲವೂ ದಿನಬಳಕೆಯವು. ಅವುಗಳ ಪಕ್ಕದಲ್ಲೇ ಜಂಗಮನಿದ್ದಾನೆ, ಫಕೀರನಿದ್ದಾನೆ, ಧ್ಯಾನವಿದೆ. ದುಡಿಮೆ, ದೇವರು, ಸಮಾಜ ಮೂರೂ ಒಂದೇ ರಟ್ಟಿನೊಳಗೆ ಹೀಗೆ ಸಲೀಸಾಗಿ ಕೂರುವುದಕ್ಕೆ ಕನ್ನಡ ಕಾವ್ಯ ಬಹಳ ದೂರ ನಡೆದಿದೆ.

ಅಚ್ಚಿನ ಲೋಕದಲ್ಲಿ ಈ ದಾರಿಯ ಒಂದು ತುದಿ ವಿಜಯಪುರದಲ್ಲಿದೆ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು, ಮನೆಮನೆಯಲ್ಲಿದ್ದ ವಚನಗಳ ತಾಡೋಲೆ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಎರಡು ವರ್ಷದ ಬಳಿಕ ಸ್ವಂತ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚೆಲ್ಲಿದ ಅಕ್ಕಿ ಆಯ್ದು ಬದುಕುವ ಆಯ್ದಕ್ಕಿ ಲಕ್ಕಮ್ಮ ಇಂಥವರ ಮಾತು ಪುಸ್ತಕವಾಗಿ ಓದುಗರ ಕೈಗೆ ಬಂತು. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟೊಂದು ಆಸೆ ಶಿವಭಕ್ತರಿಗೆ ಸಲ್ಲದು, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸುತ್ತಾಳೆ. ಭಕ್ತಿ ಅಲ್ಲಿ ಅಕ್ಕಿಯ ಅಳತೆಯಲ್ಲಿದೆ. ಹನ್ನೆರಡನೆಯ ಶತಮಾನದ ಈ ಮಾತು ಹೊಸಗನ್ನಡ ಕಾವ್ಯ ಕಣ್ಣು ಬಿಡುತ್ತಿದ್ದ ಹೊತ್ತಿಗೇ ಅಚ್ಚಾಯಿತು. 1926ರಲ್ಲಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದು ಹೊಸ ಛಂದಸ್ಸಿನ ಬಾಗಿಲು ತೆರೆಯಿತು. ಒಂದು ಕಡೆಯಿಂದ ಹಳೆಯ ದನಿ, ಇನ್ನೊಂದು ಕಡೆಯಿಂದ ಹೊಸ ಲಯ. ಮುಂದಿನ ಕವಿಗಳಿಗೆ ಎರಡೂ ದಕ್ಕಿದವು.

ಮನೆಯೊಳಗಿನ ಬದುಕನ್ನೇ ಇಡೀ ಸಂಕಲನದ ವಸ್ತುವಾಗಿಸಿ ಕನ್ನಡಿಗರ ಮನಸ್ಸು ಗೆದ್ದ ಪುಸ್ತಕ 1942ರ ‘ಮೈಸೂರು ಮಲ್ಲಿಗೆ’. ಕಿಕ್ಕೇರಿಯಲ್ಲಿ ಹುಟ್ಟಿ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ಕೆ.ಎಸ್. ನರಸಿಂಹಸ್ವಾಮಿಯವರ ಮೊದಲ ಸಂಕಲನ ಅದು. ಹೆಂಡತಿ ತವರಿಗೆ ಹೋಗಿದ್ದಾಳೆ. ಬಳೆಗಾರ ಗಂಡನ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು ಅಪ್ಪಣೆ ಕೇಳಿ, ಆಕೆಯ ಊರಿನ ಸುದ್ದಿ ತಲುಪಿಸುತ್ತಾನೆ. ಅಷ್ಟೇ ಪ್ರಸಂಗ. ಆ ಅಷ್ಟರಲ್ಲೇ ಹಳೇ ಮೈಸೂರಿನ ದಾಂಪತ್ಯ, ಬೀಗರ ಸಂಕೋಚ, ಊರಿನ ಮರ್ಯಾದೆ ಎಲ್ಲ ಕಾಣುತ್ತವೆ. ಮರುವರ್ಷ ಡಿ.ವಿ.ಜಿಯವರ ‘ಮಂಕುತಿಮ್ಮನ ಕಗ್ಗ’ ಬಂತು. ಅದರ 945 ಪದ್ಯಗಳು ದೇವರಿದ್ದಾನೆಯೇ, ಬಾಳಿಗೆ ಅರ್ಥವಿದೆಯೇ ಎಂದು ಕೇಳುತ್ತ ಸಂಸಾರದ ನಡುವೆಯೇ ನಿಂತು ಉತ್ತರ ಹುಡುಕುತ್ತವೆ. ಒಂದು ಮದುವೆಯ ಉಡುಗೊರೆಯಾಯಿತು, ಇನ್ನೊಂದು ಹಿರಿಯರ ನಿತ್ಯಪಾರಾಯಣವಾಯಿತು.

1954ರಲ್ಲಿ ಗೋಪಾಲಕೃಷ್ಣ ಅಡಿಗರ ‘ಚಂಡೆ ಮದ್ದಳೆ’ ಬಂದಾಗ ದನಿಯೇ ಬದಲಾಯಿತು. ಮೊಗೇರಿಯ ಅಡಿಗರು ಯಕ್ಷಗಾನದ ವಾದ್ಯಗಳ ಹೆಸರಿಟ್ಟು, ಆಡುಮಾತಿನ ಗಡಸನ್ನು, ನಗರದ ಬೇಸರವನ್ನು, ನಂಬಿಕೆ ಅಲುಗಾಡಿದವನ ತಳಮಳವನ್ನು ಪದ್ಯಕ್ಕೆ ತಂದರು. ಹಾಡಲು ಬಾರದ್ದೂ ಪದ್ಯವಾಗಬಹುದು ಎಂಬ ಧೈರ್ಯ ಕಿರಿಯರಿಗೆ ಬಂದದ್ದು ಅಲ್ಲಿಂದ. 1960ರಲ್ಲಿ ಭೂವಿಜ್ಞಾನದ ಅಧ್ಯಾಪಕ ಕೆ.ಎಸ್. ನಿಸಾರ್ ಅಹಮದ್ ತಮ್ಮ ಮೊದಲ ಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದು ಹೆಸರಿಟ್ಟರು. ಬಸವನಗುಡಿಯ ಪೇಟೆಬೀದಿ ಕವಿಯ ಮನಸ್ಸಿಗೇ ಹೆಸರಾಯಿತು. ಜೊತೆಯಲ್ಲೇ ಇದ್ದರೂ ಬೇರೆಯವನೆಂಬ ನೋಟಕ್ಕೆ ಒಳಗಾಗುವ ಮುಸ್ಲಿಮನ ಸಂಕಟವನ್ನು ಕನ್ನಡ ಕಾವ್ಯ ನೇರವಾಗಿ ಕೇಳಿಸಿಕೊಂಡದ್ದೂ ಅವರಿಂದಲೇ. ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ, ಕವನ ಸಂಕಲನವನ್ನು ಎಂದೂ ಕೊಳ್ಳದ ಮನೆಗೂ ಕವಿತೆ ನುಗ್ಗಿತು.

ಆದರೆ ಇಷ್ಟೆಲ್ಲ ಆದರೂ ಊರಾಚೆಯ ಕೇರಿಯ ದಿನಚರಿ ಸಂಕಲನದೊಳಗೆ ಇರಲೇ ಇಲ್ಲ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದು ದೊಡ್ಡ ಗಲಭೆಯಾಯಿತು. ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆ ಬಿಸಿಯಲ್ಲೇ ದಲಿತ ಚಳವಳಿ ಬಲಗೊಂಡಿತು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಂತು. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದುದನ್ನು, ಅವರಲ್ಲಿ ಒಬ್ಬ ತನ್ನ ಅಪ್ಪನಾಗಿದ್ದುದನ್ನು ಬಾಲಕನಾಗಿ ಕಂಡದ್ದಾಗಿ ಅವರು ತಮ್ಮ ಆತ್ಮಕಥನ ‘ಊರುಕೇರಿ’ಯಲ್ಲಿ ಬರೆದಿದ್ದಾರೆ. ಅಂಥ ನೋಟದಿಂದ ಹುಟ್ಟಿದ ಪದ್ಯಕ್ಕೆ ಮಲ್ಲಿಗೆಯ ಮಾತು ಸಾಲುತ್ತಿರಲಿಲ್ಲ. ಸಿಟ್ಟು, ಬೈಗುಳ, ಜನಪದದ ಲಯ ಎಲ್ಲ ಬಂದವು. ತಮಟೆಯ ಸದ್ದಿಗೆ ಜನ ಅವನ್ನು ಸಭೆಗಳಲ್ಲಿ, ಮೆರವಣಿಗೆಗಳಲ್ಲಿ ಹಾಡಿದರು. ಅದೇ ಕವಿ ಮುಂದೆ ‘ಅವತಾರಗಳು’ ಕೃತಿಯಲ್ಲಿ ಗ್ರಾಮದೇವತೆಗಳ ಲೋಕವನ್ನು ಪ್ರೀತಿಯಿಂದ ಬಿಡಿಸಿಟ್ಟರು. ಜಾತಿಯನ್ನು ಸುಡಲು ಹೊರಟವರು ಬಡವರ ದೇವರನ್ನು ಹೀಯಾಳಿಸಲಿಲ್ಲ. ಅದನ್ನು ನಾವು ಮರೆಯಬಾರದು.

ಹೆಣ್ಣುಮಕ್ಕಳ ದಿನಚರಿಯೂ ತಡವಾಗಿಯೇ ಬಂತು. ಅಡುಗೆಮನೆ ಅಲ್ಲಿಯತನಕ ಕಾವ್ಯದಲ್ಲಿ ಗಂಡಸು ಹೊರಗೆ ನಿಂತು ಕಂಡ ಅಡುಗೆಮನೆ. ವೈದೇಹಿಯವರ ಒಂದು ಕವಿತೆಯಲ್ಲಿ ಹೆಂಗಸೊಬ್ಬಳು ತನಗೆ ಕಾವ್ಯದ ಬಗ್ಗೆ ಗೊತ್ತಿಲ್ಲ, ತಿಳಿಸಾರಿನ ಬಗ್ಗೆ ಗೊತ್ತು ಎನ್ನುತ್ತಾಳೆ. ಸಾರೆಂದರೆ ಬರೀ ನೀರೆಂದುಕೊಂಡಿರಾ ಎಂದು ಕಾವ್ಯ ಬಲ್ಲವರನ್ನು ಪ್ರಶ್ನಿಸುತ್ತಾಳೆ. ಆ ಮೆಲುದನಿಯ ಪ್ರಶ್ನೆಗೆ ವಿಮರ್ಶಕರ ಎಷ್ಟೋ ಪುಟಗಳು ಉತ್ತರ ಕೊಡಲಾರವು. ಪ್ರತಿಭಾ ನಂದಕುಮಾರ್, ಸ. ಉಷಾ, ಸವಿತಾ ನಾಗಭೂಷಣ, ಎಂ.ಆರ್. ಕಮಲ, ಲಲಿತಾ ಸಿದ್ಧಬಸವಯ್ಯ ತಮ್ಮ ತಮ್ಮ ದನಿಯಲ್ಲಿ ಈ ಲೋಕವನ್ನು ಬೆಳೆಸಿದರು.

ಇದೆಲ್ಲ ಕವಿಗಳಿಂದಷ್ಟೇ ಆದದ್ದೂ ಅಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯ ಮೂಲೆಯಲ್ಲಿ ‘ನೀಲು’ ಹೆಸರಿನ ಪುಟಾಣಿ ಪದ್ಯಗಳು ರಾಜಕೀಯ ಸುದ್ದಿಯ ಪಕ್ಕದಲ್ಲೇ ಕಾಣಿಸಿಕೊಂಡು ಓದುಗರಿಗೆ ರುಚಿ ಹತ್ತಿಸಿದವು. ಹೆಗ್ಗೋಡಿನ ಅಕ್ಷರ ಪ್ರಕಾಶನ, ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಕಟ್ಟಿದ ಕನ್ನಡ ಸಂಘ ಲಾಭದ ಲೆಕ್ಕ ನೋಡದೆ ಕವಿತೆಯ ಪುಸ್ತಕ ತಂದವು. ಆ ಕಾಲೇಜು ಸಂಘ ವಿದ್ಯಾರ್ಥಿ ಕವಿಗಳನ್ನು ಗುರುತಿಸಿ ಅವರ ಪದ್ಯಗಳನ್ನು ಅಚ್ಚಿಗೆ ತಂದಿತು. ಈಗ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಆದರೂ ಬಹಳಷ್ಟು ಹೊಸ ಕವಿಗಳು ಕೈಯಿಂದ ದುಡ್ಡು ಹಾಕಿ, ಹಿರಿಯರಿಂದ ಮುನ್ನುಡಿ ಬೆನ್ನುಡಿ ಬರೆಸಿ, ಬಿಡುಗಡೆಯ ದಿನ ಪ್ರತಿಗಳನ್ನು ಉಚಿತವಾಗಿ ಹಂಚಿ ಸುಮ್ಮನಾಗುತ್ತಾರೆ.

ಈ ದಾರಿಯುದ್ದಕ್ಕೂ ನಡೆದದ್ದು ಒಂದೇ. ಬದುಕು ಕಾವ್ಯಕ್ಕೆ ಬಂತು ಎಂದಾಗಲೆಲ್ಲ ಅದುವರೆಗೆ ಹೊರಗಿದ್ದ ಯಾರೋ ಒಬ್ಬರು ತಮ್ಮ ಮನೆ, ತಮ್ಮ ಬೀದಿ, ತಮ್ಮ ದೇವರ ಸಮೇತ ಒಳಗೆ ಬಂದಿದ್ದಾರೆ. ಶಿಶುನಾಳ ಶರೀಫರು ಸೋರುವ ಮಾಳಿಗೆಯಲ್ಲಿ ತತ್ವ ಕಂಡ ನಾಡಿನಲ್ಲಿ ಜಂಗಮನೂ ಫಕೀರನೂ ಒಂದೇ ಜೋಳಿಗೆ ಹಂಚಿಕೊಳ್ಳುವುದು ಸಹಜ. ಆದರೆ ಊರೂರಲ್ಲಿ ಆಹಾರದ ಪೊಟ್ಟಣ ಹೊತ್ತು ಬೈಕಿನಲ್ಲಿ ಓಡುವ ಹುಡುಗನ, ಗಾರ್ಮೆಂಟ್ಸ್ ಕಾರ್ಖಾನೆಗೆ ನಸುಕಿನಲ್ಲಿ ಬಸ್ಸು ಹಿಡಿಯುವ ಹೆಣ್ಣುಮಗಳ, ಪೌರಕಾರ್ಮಿಕರ ದಿನಚರಿಗೆ ಇನ್ನೂ ಎಷ್ಟು ಪುಟ ಸಿಕ್ಕಿದೆ? ಅವರ ಪದ್ಯಗಳು ಪುಸ್ತಕವಾಗುವ ದಿನ ಬಂದೇ ಬರುತ್ತದೆ. ಆಗ ಉಚಿತ ಪ್ರತಿಗೆ ಕೈಚಾಚದೆ, ದುಡ್ಡು ಕೊಟ್ಟು ಕೊಂಡು ಓದುವುದು ನಮ್ಮ ಪಾಲಿನ ಕೆಲಸ. ಮನೆ ಮಾರಿ ಮುದ್ರಣಾಲಯ ಹಾಕಿದ ಹಳಕಟ್ಟಿಯವರ ನಾಡಿನಲ್ಲಿ ಓದುಗರಿಂದ ಅಷ್ಟನ್ನಾದರೂ ನಿರೀಕ್ಷಿಸಬಹುದು.