ಎಡೆದೊರೆ ನಾಡಿನ ಒತ್ತೆ ಬಿಡಿಸಿಕೊಂಡ ದಿವಾನ

ಮುದಗಲ್ ಕೋಟೆಯ ಕಥೆ ಎಂದರೆ ಯುದ್ಧಗಳ ಕಥೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ಬಹಮನಿ, ವಿಜಯನಗರ, ಆದಿಲ್‌ಶಾಹಿ ಸೈನ್ಯಗಳು ತಲೆಮಾರುಗಟ್ಟಲೆ ಬಡಿದಾಡಿದವು. ಆದರೆ 1853ರ ಮೇ ತಿಂಗಳಲ್ಲಿ ಒಂದು ಗುಂಡೂ ಹಾರದೆ ಈ ಸೀಮೆ ಕೈಬದಲಾಯಿತು. ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಖರ್ಚಿನ ಬಾಕಿ ಬೆಳೆದು ನಿಂತಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿಯ ಒತ್ತಡಕ್ಕೆ ಮಣಿದ ನಿಜಾಮ, ಬೀರಾರ್ ಮತ್ತು ನಳದುರ್ಗ ಸೀಮೆಗಳ ಜೊತೆಗೆ ಈ ಎಡೆದೊರೆಯನ್ನೂ, ಅಂದರೆ ರಾಯಚೂರು ದೋಆಬನ್ನೂ, ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಆ ದಿನಗಳಲ್ಲೇ ದಿವಾನ ಸಿರಾಜ್-ಉಲ್-ಮುಲ್ಕ್ ತೀರಿಕೊಂಡ. ದಿವಾನಗಿರಿ ಬಂದದ್ದು ಅವನ ಸೋದರನ ಮಗನಿಗೆ, ಇಪ್ಪತ್ತನಾಲ್ಕರ ಹರೆಯದ ಮೀರ್ ತುರಾಬ್ ಅಲಿ ಖಾನನಿಗೆ. ಚರಿತ್ರೆಗೆ ಆತ ಮೊದಲನೆಯ ಸಾಲಾರ್ ಜಂಗ್.

ಆತನ ಮನೆತನ ಒಂದು ಕಾಲಕ್ಕೆ ವಿಜಾಪುರದ ಆದಿಲ್‌ಶಾಹಿಗಳ ಸೇವೆಯಲ್ಲಿದ್ದದ್ದು. ಕೊಪ್ಪಳ ಸೀಮೆ ಆ ವಂಶದ ಜಾಗೀರು. ಹಾಗಾಗಿ ಆತ ನಮಗೆ ದೂರದ ಹೈದರಾಬಾದಿನ ನವಾಬನಷ್ಟೇ ಅಲ್ಲ.

ಆತ ಕೈಗೆತ್ತಿಕೊಂಡ ಸಂಸ್ಥಾನದ ಖಜಾನೆ ಬರಿದಾಗಿತ್ತು. ಕಂದಾಯ ವಸೂಲಿ ಗುತ್ತಿಗೆದಾರರ, ಸಾಹುಕಾರರ, ಅರಬ್ ಜಮಾದಾರರ ಕೈಯಲ್ಲಿತ್ತು. ಹೆಚ್ಚು ಕೊಡುತ್ತೇನೆಂದವನಿಗೆ ಸೀಮೆ, ಅವನು ಹಿಂಡಿದಷ್ಟು ರೈತನ ಪಾಲಿನ ಕರ್ಮ. ಸಾಲಾರ್ ಜಂಗ್ ಈ ಗುತ್ತಿಗೆಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಸಂಬಳದ ನೌಕರರನ್ನು ನೇಮಿಸಿದ. 1865ರ ಜಿಲ್ಲಾಬಂದಿಯಲ್ಲಿ ಸಂಸ್ಥಾನವೆಲ್ಲ ಜಿಲ್ಲೆ, ತಾಲ್ಲೂಕುಗಳಾಗಿ ವಿಂಗಡಣೆಯಾಯಿತು. ಜಿಲ್ಲೆಗೆ ಅವ್ವಲ್ ತಾಲೂಕ್‌ದಾರ್, ತಾಲ್ಲೂಕಿಗೆ ತಹಶೀಲ್ದಾರ್. ಅಂದು ಮುದಗಲ್ಲಿಗೆ ಲಿಂಗಸುಗೂರೇ ಜಿಲ್ಲಾ ಕೇಂದ್ರ. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ಹಂಚುವವರೆಗೂ ಮುದಗಲ್ಲಿನವರ ಕಾಗದಪತ್ರ, ಕೋರ್ಟು, ತಕರಾರು ಎಲ್ಲ ಅಲ್ಲಿಗೇ.

ಶಾಲೆಗಳ ವಿಷಯದಲ್ಲಿ ಆತನ ಕಣ್ಣು ಕಾಲಕ್ಕಿಂತ ಮುಂದಿತ್ತು ಎಂದೇ ನನ್ನ ನಂಬಿಕೆ. 1850ರ ದಶಕದಲ್ಲಿ ಹೈದರಾಬಾದಿನಲ್ಲಿ ಆತ ತೆರೆದ ದಾರುಲ್ ಉಲೂಮಿನಲ್ಲಿ ಅರಬ್ಬಿ, ಪಾರ್ಸಿಯ ಜೊತೆಗೆ ಇಂಗ್ಲಿಷ್, ತೆಲುಗು, ಮರಾಠಿಗಳಿಗೂ ಜಾಗವಿತ್ತು. ಬಳಿಕ ತಾಲ್ಲೂಕಿಗೆ ಎರಡು ಶಾಲೆಗಳಿರಲಿ, ಒಂದು ಪಾರ್ಸಿಯದು, ಇನ್ನೊಂದು ಆ ಸೀಮೆಯ ಜನರ ನುಡಿಯದು ಎಂಬ ಹುಕುಂ ಹೊರಟಿತು. ದೋಆಬಿನಲ್ಲಿ ಆ ನುಡಿ ಕನ್ನಡ. 1873ರಲ್ಲಿ ಅಮೀರರ ಮಕ್ಕಳಿಗಾಗಿ ಮದ್ರಸಾ-ಎ-ಆಲಿಯಾ ಶುರುವಾಯಿತು, ಆತನ ಸ್ವಂತ ಮಕ್ಕಳೂ ಅಲ್ಲೇ ಓದಿದರು. ಮುಂದೆ 1887ರಲ್ಲಿ ನಿಜಾಮ್ ಕಾಲೇಜು ರೂಪುಗೊಳ್ಳುವಾಗ ಈ ಮದ್ರಸಾವೂ ಅದರೊಳಗೆ ಸೇರಿತು. ಉತ್ತರ ಹಿಂದುಸ್ತಾನದಿಂದ ಸೈಯದ್ ಹುಸೇನ್ ಬಿಲಗ್ರಾಮಿ, ಮೊಹ್ಸಿನ್-ಉಲ್-ಮುಲ್ಕ್‌ರಂಥ ವಿದ್ಯಾವಂತರನ್ನು ಕರೆಸಿ ಆಡಳಿತಕ್ಕೆ ಹಚ್ಚಿದವನೂ ಆತನೇ.

ಆದರೆ ಕಚೇರಿಯ ಭಾಷೆ ಪಾರ್ಸಿಯೇ ಆಗಿತ್ತು. ಅದರ ಜಾಗಕ್ಕೆ ಉರ್ದು ತರುವುದಕ್ಕೂ ಆತನಿಗೆ ಮನಸ್ಸಿರಲಿಲ್ಲ. ಆ ಬದಲಾವಣೆ ಆದದ್ದು ಆತ ತೀರಿಕೊಂಡ ಮೇಲೆ. ಹೀಗಾಗಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆಯಲಿಲ್ಲ. ಶಾಲೆ ಕೊಟ್ಟು ದಾರಿ ಕೊಡದ ಈ ಕೊರತೆಯನ್ನು ದೋಆಬು ಬಹುಕಾಲ ಅನುಭವಿಸಿತು.

ಇನ್ನು ಸುರಪುರದ ಮಾತು. ಅದನ್ನು ಬಿಟ್ಟು ಸಾಲಾರ್ ಜಂಗನ ಬಗ್ಗೆ ಬರೆದರೆ ಈ ಸೀಮೆಯವರು ಒಪ್ಪುವುದಿಲ್ಲ, ಒಪ್ಪಲೂಬಾರದು. 1857ರ ಜುಲೈಯಲ್ಲಿ ತುರ್ರೇಬಾಜ್ ಖಾನನ ಗುಂಪು ಹೈದರಾಬಾದಿನ ರೆಸಿಡೆನ್ಸಿಗೆ ಮುತ್ತಿಗೆ ಹಾಕಿದಾಗ ದಿವಾನ ಇಂಗ್ಲಿಷರ ಪರ ನಿಂತ. ಮರುವರ್ಷ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬಂಡೆದ್ದ. ಅವನ ಮೇಲೆ ನುಗ್ಗಿದ ಪಡೆಗಳಲ್ಲಿ ಲಿಂಗಸುಗೂರು ದಂಡಿನದೂ ಒಂದು. ತಪ್ಪಿಸಿಕೊಂಡು ಹೈದರಾಬಾದ್ ಸೇರಿದ ಆ ಎಳೆಯ ರಾಜನನ್ನು ಹಿಡಿಸಿ ರೆಸಿಡೆಂಟನ ವಶಕ್ಕೆ ಕೊಟ್ಟವನು ಸಾಲಾರ್ ಜಂಗ್. ಮೇ ತಿಂಗಳಲ್ಲಿ ವೆಂಕಟಪ್ಪ ನಾಯಕ ಗುಂಡೇಟಿನಿಂದ ಸತ್ತ. ಜೂನ್ ಒಂದರಂದು ದಿವಾನನ ಜಾಗೀರಾದ ಕೊಪ್ಪಳದ ಕೋಟೆಯಲ್ಲೇ ಇನ್ನೊಬ್ಬ ಬಂಡಾಯಗಾರ ಮುಂಡರಗಿ ಭೀಮರಾಯ ಹೋರಾಡಿ ಮಡಿದ.

ಈ ನಿಷ್ಠೆಗೆ ಪ್ರತಿಫಲವಾಗಿ 1860ರ ಒಪ್ಪಂದದಲ್ಲಿ 50 ಲಕ್ಷ ರೂಪಾಯಿ ಸಾಲ ವಜಾ ಆಯಿತು. ರಾಯಚೂರು ದೋಆಬು, ನಳದುರ್ಗ ನಿಜಾಮನಿಗೆ ಮರಳಿದವು. ಜೊತೆಗೆ ವೆಂಕಟಪ್ಪನ ಸುರಪುರವೂ. ಮುದಗಲ್ ಒತ್ತೆಯಿಂದ ಬಿಡುಗಡೆಯಾದದ್ದು ಈ ಬೆಲೆಗೆ. ಸಂಸ್ಥಾನ ಉಳಿಸುವುದೊಂದೇ ಆತನ ಗುರಿಯಾಗಿತ್ತು, ಅದಕ್ಕಾಗಿ ಆತ ಏನನ್ನೂ ಕೊಡಬಲ್ಲವನಾಗಿದ್ದ. ಆತನ ಆಡಳಿತವನ್ನು ಮೆಚ್ಚುತ್ತೇನೆ, ವೆಂಕಟಪ್ಪನನ್ನು ಹಿಡಿದೊಪ್ಪಿಸಿದ್ದನ್ನು ಮೆಚ್ಚಲಾರೆ.

ಬೀರಾರ್ ಮಾತ್ರ ಸಿಗಲಿಲ್ಲ. ಅದಕ್ಕಾಗಿ ಆತ ಕೊನೆಯವರೆಗೂ ಇಂಗ್ಲಿಷರನ್ನು ಪೀಡಿಸಿದ. 1876ರಲ್ಲಿ ವಿಲಾಯತಿಗೆ ಹೋಗಿ ಸನ್ಮಾನ, ಆಕ್ಸ್‌ಫರ್ಡಿನ ಪದವಿ ಪಡೆದು ಬಂದ, ಬೀರಾರ್ ಬರಲಿಲ್ಲ. 1883ರ ಫೆಬ್ರವರಿ 8ರಂದು ಕಾಲರಾಕ್ಕೆ ತುತ್ತಾದ.

ಆತ ಬಿಟ್ಟುಹೋದ ಶಾಲೆಗಳ ಕೊರತೆ ಆತನ ನಂತರವೂ ನೀಗಲಿಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನೆಯ ಭಾಷೆಯಾಗಿಸಿದಾಗ ಕನ್ನಡದ ಮಕ್ಕಳಿಗೆ ದಾರಿ ಇನ್ನಷ್ಟು ಇಕ್ಕಟ್ಟಾಯಿತು. ಅಷ್ಟರಲ್ಲಿ ಜನರೇ ಶಾಲೆ ಕಟ್ಟಲು ಹೊರಟಿದ್ದರು. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಆರಂಭವಾಗಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ತೆರೆದರು.