ಕೊರಳ ಕಾರ್ಡು ಸಾಲದು, ಮುಖವೂ ಬೇಕು

ಕ್ರೀಡಾಂಗಣದ ಭದ್ರತೆ ಅಂದರೆ ನಮಗೆ ನೆನಪಾಗುವುದು ಪ್ರೇಕ್ಷಕರ ಬ್ಯಾಗ್ ತಪಾಸಣೆ. ಆದರೆ ಸುಲಭವಾಗಿ ಮೋಸ ನಡೆಯುವುದು ಹಿಂದಿನ ಗೇಟಿನಲ್ಲಿ. ಕೊರಳಿಗೆ ಕಾರ್ಡಿದ್ದರೆ ಸಾಕು, ಅದು ಯಾರದ್ದೆಂದು ನೋಡುವಷ್ಟು ಪುರುಸೊತ್ತು ಕಾವಲುಗಾರನಿಗೆ ಎಲ್ಲಿ?

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಜಪಾನಿನ ಎನ್‌ಇಸಿ ಕಂಪನಿ ಇದಕ್ಕೊಂದು ದಾರಿ ಮಾಡಿತ್ತು. ಆಟಗಾರರು, ಸಿಬ್ಬಂದಿ, ಸ್ವಯಂಸೇವಕರು, ಪತ್ರಕರ್ತರು ಸೇರಿ ಸುಮಾರು 3 ಲಕ್ಷ ಮಂದಿಗೆಂದು ರೂಪಿಸಿದ ವ್ಯವಸ್ಥೆ ಅದು. ಕಾರ್ಡಿನ ಚಿಪ್ ಹೆಸರು ಹೇಳುತ್ತದೆ, ಕ್ಯಾಮೆರಾ ಆ ಹೆಸರಿನಲ್ಲಿ ದಾಖಲಾದ ಫೋಟೊಗೆ ಎದುರಿನ ಮುಖವನ್ನು ಹೋಲಿಸುತ್ತದೆ. ಜನಜಂಗುಳಿಯಲ್ಲಿ ಒಬ್ಬನನ್ನು ಹುಡುಕುವುದಕ್ಕಿಂತ ಇದು ಸುಲಭ, ತಪ್ಪೂ ಕಡಿಮೆ.

ಅಮೆರಿಕದ ಎನ್‌ಎಫ್‌ಎಲ್ 2024ರಲ್ಲಿ ತನ್ನ 30 ಕ್ರೀಡಾಂಗಣಗಳ ಸಿಬ್ಬಂದಿಗೆ ಇಂಥದ್ದೇ ವ್ಯವಸ್ಥೆ ತಂದಿತು. ಆಕ್ಷೇಪ ಎತ್ತಿದವರು ಯಾರು ಗೊತ್ತೇ? ಲಾಸ್ ವೇಗಸ್‌ನ ಪೊಲೀಸರ ಸಂಘ! ನಮ್ಮ ಮುಖದ ವಿವರ ಹೊರಗಿನ ಕಂಪನಿಗೆ ಯಾಕೆ ಕೊಡಬೇಕು ಎಂಬುದು ಅವರ ತಕರಾರು. ಕಾರ್ಡು ಕಳೆದರೆ ಹೊಸದು ಸಿಗುತ್ತದೆ, ಮುಖ ಸಿಗುವುದಿಲ್ಲವಲ್ಲ.

ನಮ್ಮ ವಿಮಾನ ನಿಲ್ದಾಣಗಳಲ್ಲಿ ಡಿಜಿ ಯಾತ್ರಾ ಬೇಡವೆಂದರೆ ಪಕ್ಕದ ಸಾಲಿಗೆ ಹೋಗಬಹುದು. ನೌಕರನ ಮಾತು ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕಾದರೆ ಪ್ರತ್ಯೇಕ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಪಂದ್ಯದ ದಿನಕ್ಕಷ್ಟೇ ಗುತ್ತಿಗೆಗೆ ಬರುವ ಕ್ಯಾಂಟೀನ್ ಹುಡುಗ, ಕಸ ಗುಡಿಸುವ ಹೆಂಗಸು ಗೇಟಿನಲ್ಲಿ ಮುಖ ಕೊಡಲೇಬೇಕು. ಟೂರ್ನಿ ಮುಗಿದ ಮೇಲೆ ಅದನ್ನು ಅಳಿಸಿದಿರಾ ಎಂದು ಅವರು ಕೇಳಬೇಕಾದದ್ದು ಯಾರನ್ನು, ಗುತ್ತಿಗೆದಾರನನ್ನೋ, ಕ್ರೀಡಾಂಗಣದವರನ್ನೋ, ಕ್ಯಾಮೆರಾ ಕಂಪನಿಯನ್ನೋ?